ಗಟ್ಟಿಮೇಳಕ್ಕೆ ಮುಂಚಿನ ರಾಗ

ಜಾಝ್ ಹುಚ್ಚು ಹಿಡಿದವರ ಹತ್ತಿರ ಒಂದು ಪಟ್ಟಿ ಇದ್ದೇ ಇರುತ್ತದೆ. ನನ್ನ ಹತ್ತಿರವೂ ಇತ್ತು. ಮೊದಲನೆಯದು ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ (1959), ಎರಡನೆಯದು ಜಾನ್ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’ (1965), ಮೂರನೆಯದು ಚಾರ್ಲ್ಸ್ ಮಿಂಗಸ್‌ನ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ (1963). ವಿಜಯನಗರದಲ್ಲಿ ಮೆಟ್ರೋ ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ‘ಕೈಂಡ್ ಆಫ್ ಬ್ಲೂ’ದ ಮೊದಲ ರಚನೆ ‘ಸೋ ವಾಟ್’ ಹಾಕಿದರೆ ಅದು ಮುಗಿಯುವ ಹೊತ್ತಿಗೆ ರಾಜರಾಜೇಶ್ವರಿನಗರ ಬರುತ್ತಿತ್ತು. ಮುಂದಿನ ನಿಲ್ದಾಣ ಜ್ಞಾನಭಾರತಿಯಲ್ಲಿ ಇಳಿಯುವಷ್ಟರಲ್ಲಿ ನಾನು ಸಾಕಷ್ಟು ದೊಡ್ಡ ಮನುಷ್ಯನಾಗಿರುತ್ತಿದ್ದೆ. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಕೋಲ್ಟ್ರೇನ್ ಬಗ್ಗೆ ಮಾತಾಡುವ ಸಂಶೋಧನಾ ವಿದ್ಯಾರ್ಥಿಗೆ ಒಂದು ಗತ್ತು ಇರುತ್ತದಲ್ಲ, ಆ ಗತ್ತು.

ಗೆಳೆಯರಿಗೆ ಹೇಳದೆ ಉಳಿಸಿಕೊಂಡ ಸಂಗತಿ ಒಂದಿತ್ತು. ನಮ್ಮ ದೊಡ್ಡಪ್ಪ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ಮದುವೆಗಳಲ್ಲಿ.

ಅವರು ಮೊದಲು ಕಲಿತದ್ದು ನಾಗಸ್ವರ. ತೊಂಬತ್ತರ ದಶಕದಲ್ಲಿ ಮುಂಗಡ ಕೊಡಲು ಬಂದವರು “ಸ್ಯಾಕ್ಸೋಫೋನ್ ಇದೆಯಾ?” ಎಂದು ಕೇಳತೊಡಗಿದರಂತೆ. ಅದಕ್ಕೆ ಕಾರಣ ಕದ್ರಿ ಗೋಪಾಲನಾಥ್. ದಕ್ಷಿಣ ಕನ್ನಡದ ಸಜೀಪಮೂಡದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಗೋಪಾಲನಾಥ್, ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಈ ವಾದ್ಯ ಕೇಳಿ ಮರುಳಾದವರು. ಕೀಲಿ ಒತ್ತಿದರೆ ನೆಟ್ಟಗೆ ನಿಂತ ಸ್ವರವನ್ನಷ್ಟೇ ಕೊಡುವ ವಾದ್ಯದಲ್ಲಿ ಗಮಕ ತರಲು ವರ್ಷಗಟ್ಟಲೆ ಹೆಣಗಿದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಇತ್ತ ನಮ್ಮ ದೊಡ್ಡಪ್ಪ ಸಾಲ ಮಾಡಿ ಹಳೆಯದೊಂದು ಆಲ್ಟೋ ಸ್ಯಾಕ್ಸೋಫೋನ್ ಕೊಂಡರು.

ಮೂರು ವರ್ಷದ ಹಿಂದೆ ಗೆಳೆಯನೊಬ್ಬನ ಅಕ್ಕನ ಮದುವೆಗೆ ರಾಜಾಜಿನಗರದ ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಮಂಟಪದ ಪಕ್ಕ ಡೋಲಿನವರ ಜೊತೆ ದೊಡ್ಡಪ್ಪ ಕೂತಿದ್ದರು. ನನಗೆ ಗೊತ್ತಿರಲಿಲ್ಲ. ಗೆಳೆಯ ಮೊಣಕೈಯಿಂದ ತಿವಿದು, “ನೋಡೋ, ನಿನ್ನ ಕೋಲ್ಟ್ರೇನ್ ಬಂದಿದ್ದಾರೆ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡಪ್ಪ ವಾದ್ಯದ ಮೇಲಿಂದಲೇ ಕಣ್ಣೆತ್ತಿ ನೋಡಿದರು. ಗುರುತಿನ ನಗೆಯನ್ನೂ ಬೀರದೆ ನುಡಿಸುತ್ತಲೇ ಇದ್ದರು. ನಾನು ಮೊದಲ ಪಂಕ್ತಿಯಲ್ಲೇ ಉಂಡು ಹೊರಟೆ. ವಾದ್ಯದವರ ಊಟ ಕೊನೆಯ ಪಂಕ್ತಿಗೆ.

ಆಮೇಲೆ ಒಂದು ದಿನ ರುದ್ರೇಶ್ ಮಹಾಂತಪ್ಪನ ಬಗ್ಗೆ ಓದಿದೆ. ಕರ್ನಾಟಕ ಮೂಲದ ಕುಟುಂಬದವನು, ಅಮೆರಿಕದ ಕೊಲರಾಡೋದಲ್ಲಿ ಬೆಳೆದ ಜಾಝ್ ವಾದಕ. ಓದುತ್ತಿದ್ದಾಗ ಅವನ ಅಣ್ಣ ಕದ್ರಿಯವರ ಒಂದು ಆಲ್ಬಮ್ ತಂದುಕೊಟ್ಟನಂತೆ, ತಮಾಷೆಗೆ. ಅವನು ಅದನ್ನು ಕೂತು ಕೇಳಿದ. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಹೊರತಂದರು. ಬಂಧುಗಳು ಎಂದು ಅದರ ಅರ್ಥ. ಅದರಲ್ಲಿ ಎರಡು ಆಲ್ಟೋಗಳು ಒಂದೇ ಮಾತನ್ನು ಎರಡು ಊರಿನ ಧಾಟಿಯಲ್ಲಿ ಆಡುತ್ತವೆ. ಯಾವುದು ಯಾರದು ಎಂದು ನನಗೆ ಮೊದಲ ಸಲವೇ ತಿಳಿಯಿತು. ಹೇಗೆ ತಿಳಿಯಿತು ಎಂದು ಯೋಚಿಸಿದರೆ, ಆ ಗಮಕ ಚಿಕ್ಕಂದಿನಿಂದ ಕೆಂಗೇರಿಯ ಮನೆಯಲ್ಲಿ ಬೆಳಗಿನ ಸಾಧಕದಲ್ಲಿ ಕಿವಿಗೆ ಬಿದ್ದದ್ದು. ಅವನಿಗೂ ತಮಾಷೆಗೆ ಸಿಕ್ಕಿತ್ತು, ನನಗೂ. ನಾನು ನಗುವಿನಾಚೆಗೆ ಕೇಳಿರಲಿಲ್ಲ, ಅಷ್ಟೆ.

ಈ ವರ್ಷ ದೊಡ್ಡಮ್ಮ ಫೋನ್ ಮಾಡಿ, ದೊಡ್ಡಪ್ಪನ ಮೇಲಿನ ಮುಂದಿನ ಹಲ್ಲು ಎರಡೂ ಹೋದವು ಎಂದರು. ಸ್ಯಾಕ್ಸೋಫೋನಿನ ಬಾಯಿತುಂಡು ಕೂರುವುದೇ ಮೇಲಿನ ಹಲ್ಲಿನ ಮೇಲೆ. ಕಟ್ಟಿಸಿದ ಹಲ್ಲು ಅಲುಗುತ್ತದೆ, ಸ್ವರ ನಿಲ್ಲುವುದಿಲ್ಲ. ಒಪ್ಪಿಕೊಂಡಿದ್ದ ಮದುವೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ಒಂದು ಭಾನುವಾರ ಪಟ್ಟಿಯ ಮೂರೂ ಆಲ್ಬಮ್ಮುಗಳನ್ನು ಮೊಬೈಲಿನಲ್ಲಿ ಹೊತ್ತು ಕೆಂಗೇರಿಗೆ ಹೋದೆ.

ಕೋಲ್ಟ್ರೇನ್ ಕೇಳಿ, “ಇವನಿಗೆ ಯಾರೂ ಊಟಕ್ಕೆ ಹೊತ್ತಾಯ್ತು ಅಂತ ಹೇಳ್ಲಿಲ್ವಾ?” ಎಂದರು. ಸ್ವಲ್ಪ ತಡೆದು, “ಉಸಿರು ಮಾತ್ರ ದೇವರು ಕೊಟ್ಟಿದ್ದು” ಎಂದು ಸೇರಿಸಿದರು.

ಮಿಂಗಸ್ ಆಲ್ಬಮ್ಮಿನಲ್ಲಿ ಅಳುವಂತೆ ಏರುವ ಆಲ್ಟೋ ಯಾರದೆಂದು ಕೇಳಿದರು. ಚಾರ್ಲಿ ಮರಿಯಾನೊ ಎಂದೆ. ಆತನೇ 20 ವರ್ಷಗಳ ಮೇಲೆ, 1983ರಲ್ಲಿ, ಟಿ.ಎ.ಎಸ್. ಮಣಿಯವರು ನಮ್ಮ ಬೆಂಗಳೂರಿನಲ್ಲೇ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಜರ್ಮನಿಯಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದ ಎಂದು ಹೇಳಿ ಅದನ್ನೂ ಹಾಕಿದೆ. ಅದು ಶುರುವಾಗುವುದು ಆರ್.ಎ. ರಮಾಮಣಿಯವರ ಒಂಟಿ ಕಂಠದಿಂದ. ಅಮೆರಿಕದ ಹೆಸರಾಂತ ವಾದಕ ತನ್ನ ಸರದಿಗೆ ಕಾಯುತ್ತಾನೆ. “ಕಾಯೋಕೆ ಬರುತ್ತೆ ಇವನಿಗೆ. ಅದೇ ವಿದ್ಯೆ ಕಣೋ” ಎಂದರು ದೊಡ್ಡಪ್ಪ. ನನ್ನ ಪಟ್ಟಿಯ ಮೂರನೆಯ ಸ್ಥಾನದಿಂದ ನಮ್ಮೂರಿಗೆ ಒಂದೇ ಹೆಜ್ಜೆ ಇತ್ತು. ನಾನು ಅದನ್ನು ಇಡಲು ಇಷ್ಟು ವರ್ಷ ತಗೊಂಡೆ.

ಕೊನೆಗೆ ‘ಸೋ ವಾಟ್’. ಕಣ್ಣು ಮುಚ್ಚಿ ಕೇಳುತ್ತಿದ್ದವರು, “ಖರಹರಪ್ರಿಯದ ಸ್ವರಗಳು. ಗಮಕ ಇಲ್ಲ, ಆದ್ರೆ ಅವೇ” ಎಂದರು. ಎಂಟು ಎಂಟರಂತೆ ಹದಿನಾರು ಆವರ್ತ ಕಳೆದು ಸಂಗೀತ ಅರ್ಧ ಸ್ವರ ಮೇಲಕ್ಕೆ ಜಾರುತ್ತಲೇ ಎದ್ದು ಕೂತು, “ಅಯ್ಯೋ, ಷಡ್ಜನೇ ಕಿತ್ತು ಬೇರೆ ಕಡೆ ನೆಟ್ಟುಬಿಟ್ನಲ್ಲೋ!” ಎಂದರು. ಅದು ಎಂಟು ಆವರ್ತದ ನಂತರ ಸ್ವಸ್ಥಾನಕ್ಕೆ ಮರಳಿದಾಗ ನಕ್ಕರು. ಹಾಡುಗಳ ಸಿದ್ಧ ಸ್ವರಗುಚ್ಛಗಳ ಓಟ ಬಿಟ್ಟು ಒಂದು ಸ್ವರಶ್ರೇಣಿಯಲ್ಲೇ ನಿಂತು ನುಡಿಸುವುದು 1959ರ ಆ ಆಲ್ಬಮ್ಮಿನ ಹೆಚ್ಚುಗಾರಿಕೆ ಎಂದು ಕ್ಯಾಂಟೀನಿನಲ್ಲಿ ಎಷ್ಟೋ ಸಲ ವಿವರಿಸಿದ್ದೆ. ಹೆಸರು ಹಿಡಿದು ಇದು ಇಂಥದ್ದು ಎನ್ನಲು ನನಗೆ ಬಂದಿರಲಿಲ್ಲ.

“ಆವತ್ತು ರಾಜಾಜಿನಗರದಲ್ಲೂ ಅದನ್ನೇ ನುಡಿಸ್ತಿದ್ದೆ” ಎಂದರು, ಮೊಬೈಲ್ ನನ್ನ ಕೈಗೆ ಕೊಡುತ್ತ. “ನೀನು ನೀಲಿ ಅಂಗಿ ಹಾಕ್ಕೊಂಡಿದ್ದೆ.”

ಏನು ಹೇಳಬೇಕೆಂದು ತಿಳಿಯಲಿಲ್ಲ. ತಪ್ಪಾಯ್ತು ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ.

“ಚೆನ್ನಾಗಿ ಬರ್ತಿತ್ತು. ಅಷ್ಟರಲ್ಲಿ ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಅಂದ್ಬಿಟ್ರು.” ಪುರೋಹಿತರ ಕೈ ಮೇಲೆದ್ದರೆ ಮುಗಿಯಿತು, ರಾಗ ಎಲ್ಲಿದ್ದರೂ ಅಲ್ಲೇ ಕಡಿದು, ಡೋಲಿನ ಜೊತೆ ಒಂದೇ ಉಸಿರಿಗೆ ತಿರುಗಬೇಕು. ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ.

“ಕಡಿದದ್ದು ಎಲ್ಲಿಗೆ ಅಂತ ನೆನಪಿದೆಯಾ ದೊಡ್ಡಪ್ಪ?”

ನೆನಪಿತ್ತು. ವಾದ್ಯ ಪೆಟ್ಟಿಗೆಯಲ್ಲೇ ಇತ್ತು. ಹಲ್ಲಿಲ್ಲದ ಬಾಯಲ್ಲಿ, ತೊಡೆಯ ಮೇಲೆ ತಾಳ ಹಾಕುತ್ತ, ಅಲ್ಲಿಂದ ಮುಂದಕ್ಕೆ ಹಾಡಿದರು. ನಾನು ಮೊಬೈಲ್ ಬಂದ್ ಮಾಡಿ ಕೂತೆ.