ಬ್ಯಾಗು ಕಟ್ಟುವ ಕೈ ಮಗುವಿನದೇ ಆಗಿರಲಿ

ದಕ್ಷಿಣ ಕೊರಿಯಾದ ಪಶ್ಚಿಮ ಕರಾವಳಿಯಲ್ಲಿ ಸೇಮಾಂಗುಮ್ ಎಂಬ ವಿಶಾಲ ಬಯಲಿದೆ. ಒಂದು ಕಾಲಕ್ಕೆ ಅಲ್ಲಿ ಸಮುದ್ರದ ಭರತ ಇಳಿತಗಳು ಬಂದುಹೋಗುತ್ತಿದ್ದವು. 33 ಕಿಲೋಮೀಟರಿಗೂ ಹೆಚ್ಚು ಉದ್ದದ ತಡೆಗೋಡೆ ಕಟ್ಟಿ ಕಡಲಿನಿಂದ ಪಡೆದ ನೆಲ ಅದು. ಕಣ್ಣು ಹಾಯಿಸಿದಷ್ಟೂ ಸಮತಟ್ಟು. ನಿಂತು ಸುಧಾರಿಸಿಕೊಳ್ಳಲು ಮರದ ನೆರಳು ಸಿಗುವುದು ಕಷ್ಟ. 2023ರ ಆಗಸ್ಟ್ 1ರಂದು 25ನೇ ವಿಶ್ವ ಸ್ಕೌಟ್ ಜಾಂಬೂರಿ ಆರಂಭವಾದದ್ದು ಇಲ್ಲಿಯೇ. ನೂರೈವತ್ತಕ್ಕೂ ಹೆಚ್ಚು ದೇಶಗಳ ಸುಮಾರು 43,000 ಮಂದಿ ಇಲ್ಲಿ ಡೇರೆ ಹಾಕಿದರು. ಅವರಲ್ಲಿ ಬಹುಪಾಲು ಹದಿಹರೆಯದ ಮಕ್ಕಳು.

ಹನ್ನೆರಡು ದಿನ ನಡೆಯಬೇಕಿದ್ದ ಶಿಬಿರ ಅಲ್ಲಿ ಪೂರ್ತಿಯಾಗಲಿಲ್ಲ. ಉಷ್ಣಾಂಶ 35 ಡಿಗ್ರಿ ಮುಟ್ಟಿತು. ಮಳೆ ನೀರು ನಿಂತ ನೆಲ, ಸೊಳ್ಳೆಗಳ ಕಾಟ. ನೂರಾರು ಮಂದಿ ಬಿಸಿಲಿನ ಬಾಧೆಗೆ ಚಿಕಿತ್ಸೆ ಪಡೆದರು. ಬ್ರಿಟನ್ ಮತ್ತು ಅಮೆರಿಕದ ತಂಡಗಳು ಮೊದಲ ವಾರದಲ್ಲೇ ಬಯಲು ಬಿಟ್ಟು ಹೊರಟವು. ಅಷ್ಟರಲ್ಲಿ 'ಖಾನೂನ್' ಚಂಡಮಾರುತ ಕೊರಿಯಾದತ್ತ ತಿರುಗಿತು. ಆಗಸ್ಟ್ 8ರಂದು ಇಡೀ ಶಿಬಿರವನ್ನೇ ತೆರವು ಮಾಡಬೇಕಾಯಿತು. ಸಾವಿರಕ್ಕೂ ಹೆಚ್ಚು ಬಸ್ಸುಗಳು ಸುಮಾರು 37,000 ಮಂದಿಯನ್ನು ಹೊತ್ತು ಬೇರೆ ಊರುಗಳಿಗೆ ಸಾಗಿದವು.

ಸಂಘಟನೆಯ ಲೋಪಗಳ ಬಗ್ಗೆ ಆಗ ಸಾಕಷ್ಟು ಚರ್ಚೆ ನಡೆಯಿತು. ಆದರೆ ಪಾಲಕರು ಯೋಚಿಸಬೇಕಾದ ಸಂಗತಿ ಬೇರೊಂದಿದೆ. ಆ ದಿನ ಡೇರೆ ಬಿಚ್ಚಿ, ಹಾಸಿಗೆ ಸುತ್ತಿ, ಪಾಸ್‌ಪೋರ್ಟ್ ಎಲ್ಲಿದೆಯೆಂದು ನೋಡಿಕೊಂಡು, ತನ್ನ ಹೊರೆಯನ್ನು ತಾನೇ ಹೊತ್ತು ಬಸ್ಸು ಹತ್ತಬೇಕಾದದ್ದು ಮಕ್ಕಳು. ಅಮ್ಮ ಕಟ್ಟಿಕೊಟ್ಟ ಬ್ಯಾಗಿನಲ್ಲಿ ಯಾವುದು ಎಲ್ಲಿದೆಯೆಂದೇ ತಿಳಿಯದ ಮಗು ಅಂಥ ಹೊತ್ತಿನಲ್ಲಿ ಏನು ಮಾಡೀತು? 'ಸಿದ್ಧರಾಗಿರಿ' ಎಂಬುದು ಸ್ಕೌಟ್ ಚಳವಳಿಯ ಧ್ಯೇಯವಾಕ್ಯ. ಅದರ ಅರ್ಥ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಮೊದಲು ಸಿದ್ಧವಾಗಬೇಕಾದದ್ದು ಶರೀರ. ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಬೆವರು ಆರಿದರೆ ತಂಪಾಗುತ್ತದೆ. ಗಾಳಿಯಲ್ಲಿ ತೇವಾಂಶ ತುಂಬಿದ್ದರೆ ಬೆವರು ಆರದೆ ಹರಿದುಹೋಗುತ್ತದೆ. ಬಿಸಿ ಮೈಯೊಳಗೇ ಉಳಿದು, ನೀರು ಮತ್ತು ಉಪ್ಪು ಮಾತ್ರ ನಷ್ಟವಾಗುತ್ತದೆ. ಕಲಬುರಗಿಯ ಒಣ ಬಿಸಿಲಿಗೆ ಒಗ್ಗಿದ ಹುಡುಗ ಮೇ ತಿಂಗಳಲ್ಲಿ ಮಂಗಳೂರಿಗೆ ಬಂದರೆ, ಉಷ್ಣಾಂಶ ಕಡಿಮೆಯಿದ್ದರೂ ಬಳಲುವುದು ಇದೇ ಕಾರಣಕ್ಕೆ. ಹೊಸ ಸೆಕೆಗೆ ಶರೀರ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಫ್ಯಾನಿನ ಕೆಳಗಿನಿಂದೆದ್ದು ನೇರವಾಗಿ ವಿಮಾನ ಹತ್ತಿದ ಮಗುವಿಗೆ ಆ ಅವಕಾಶವೇ ಇರುವುದಿಲ್ಲ. ಪ್ರಯಾಣಕ್ಕೆ ತಿಂಗಳ ಮೊದಲೇ ದಿನವೂ ನಡಿಗೆ, ಬಾಯಾರುವ ಮುನ್ನವೇ ನೀರು ಕುಡಿಯುವ ಅಭ್ಯಾಸ, ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸುವ ತಿಳಿವಳಿಕೆ, ಇವಿಷ್ಟು ಬೇಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದರೆ ಫಲವಿಲ್ಲ.

ಎಲ್ಲ ಜಾಂಬೂರಿಗಳೂ ಸೆಕೆಯಲ್ಲೇ ನಡೆಯುವುದಿಲ್ಲ. 26ನೇ ಜಾಂಬೂರಿಗೆ ಗೊತ್ತುಮಾಡಿರುವುದು ಪೋಲೆಂಡಿನ ಗ್ದಾನ್ಸ್ಕ್ ನಗರದ ಸೊಬಿಯೆಶೇವೊ ದ್ವೀಪ. ಅವಧಿ 2027ರ ಜುಲೈ 30ರಿಂದ ಆಗಸ್ಟ್ 8. ಅದು ಬಾಲ್ಟಿಕ್ ಕಡಲ ತೀರ. ಬೇಸಿಗೆಯಲ್ಲೂ ಹಗಲಿನ ಉಷ್ಣಾಂಶ ಇಪ್ಪತ್ತು ಡಿಗ್ರಿಯ ಆಸುಪಾಸು, ರಾತ್ರಿ ಚಳಿ, ನಡುನಡುವೆ ಮಳೆ. ರಾತ್ರಿ ಎಂಟೂವರೆಯವರೆಗೂ ಸೂರ್ಯ ಮುಳುಗದ ಊರಿನಲ್ಲಿ ನಮ್ಮ ಮಕ್ಕಳಿಗೆ ನಿದ್ರೆಯ ಹೊತ್ತೂ ತಪ್ಪುತ್ತದೆ. ಸ್ವೆಟರು, ಹಗುರ ರೇನ್‌ಕೋಟು, ಮೊದಲೇ ನಾಲ್ಕು ದಿನ ಹಾಕಿ ಪಳಗಿಸಿದ ಬೂಟು ಅಲ್ಲಿಗೆ ಬೇಕು. ಹೊಸ ಬೂಟು ಮೊದಲ ದಿನವೇ ಕಾಲು ಕಚ್ಚುತ್ತದೆ.

ಕಾಗದಪತ್ರಗಳಿಗೆ ಆರು ತಿಂಗಳ ಮುಂಚೆಯೇ ಕೈಹಾಕುವುದು ಒಳ್ಳೆಯದು. ಮಗುವಿನ ಹತ್ತನೇ ವಯಸ್ಸಿನಲ್ಲಿ ಮಾಡಿಸಿದ ಪಾಸ್‌ಪೋರ್ಟು ಐದೇ ವರ್ಷಕ್ಕೆ ಮುಗಿದಿರುತ್ತದೆ. ನಮ್ಮಲ್ಲಿ ಶಾಲಾ ದಾಖಲೆಗಳಲ್ಲಿ ಹೆಸರಿನ ಜೊತೆ ಇನಿಷಿಯಲ್ ಬರೆಯುವ ರೂಢಿಯಿದೆ. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆಯಬೇಕು. ಟಿಕೆಟ್ಟು, ವೀಸಾ, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಅಕ್ಷರ ತಪ್ಪದೆ ಇರಬೇಕು. ಪೋಲೆಂಡಿಗೆ ಷೆಂಗೆನ್ ವೀಸಾ ಬೇಕು. ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆ ದೇಶಗಳಿಂದ ಹೊರಟುಬರುವ ದಿನದ ನಂತರವೂ ಮೂರು ತಿಂಗಳು ಪಾಸ್‌ಪೋರ್ಟಿಗೆ ಅವಧಿ ಉಳಿದಿರಬೇಕು. ಇವೆಲ್ಲದರ ನಕಲು ಪ್ರತಿಗಳಲ್ಲಿ ಒಂದು ಮನೆಯಲ್ಲಿ, ಒಂದು ತಂಡದ ನಾಯಕರ ಬಳಿ, ಮತ್ತೊಂದು ಮಗುವಿನ ಇನ್ನೊಂದು ಚೀಲದಲ್ಲಿರಲಿ.

ಇನ್ನು ತಿಂಡಿಯ ಮಾತು. ಯೂರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲು, ತುಪ್ಪ, ಮಾಂಸದ ಪದಾರ್ಥಗಳನ್ನು ಒಳಗೆ ತರುವಂತಿಲ್ಲ. ಕೈಚೀಲದಲ್ಲಿ ಉಪ್ಪಿನಕಾಯಿ ಜಾಡಿ ಇಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಅದು ಉಳಿದುಬಿಡಬಹುದು. ದಿನನಿತ್ಯದ ಔಷಧಿಯಿದ್ದರೆ ಅದರ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಬೇಕು. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು. ವಿಮಾನದ ಸರಕಿನೊಡನೆ ಕಳಿಸುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ತಯಾರಿ ಮನೆಯಲ್ಲೇ, ಖರ್ಚಿಲ್ಲದೆ ಆಗುವಂಥದ್ದು. ಮಗು ತನ್ನ ಬಟ್ಟೆ ತಾನೇ ಒಗೆದುಕೊಳ್ಳಲಿ. ಕಟ್ಟಿದ ಬ್ಯಾಗನ್ನು ಹೊತ್ತು ಮೂರು ಕಿಲೋಮೀಟರ್ ನಡೆದು ನೋಡಲಿ. ಭಾರವೆನಿಸಿದ್ದನ್ನು ತಾನೇ ತೆಗೆದುಹಾಕಲಿ. 'ತಲೆ ಸುತ್ತುತ್ತಿದೆ' ಎಂದು ನಾಚಿಕೆಯಿಲ್ಲದೆ ದೊಡ್ಡವರಿಗೆ ಹೇಳುವುದನ್ನು ಕಲಿಯಲಿ. ತಂಡದ ಜೊತೆ ಹೋದಾಗ ಕಷ್ಟವನ್ನು ಮುಚ್ಚಿಟ್ಟುಕೊಳ್ಳುವ ಮಗುವಿಗೇ ಹೆಚ್ಚು ಅಪಾಯ.

ಕೊರಿಯಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಪೋಲೆಂಡಿನದು ಅಷ್ಟೇ ಹೊತ್ತು ಹಿಂದೆ. ಮನೆಯವರಿಗೆ ಬೆಳಗಿನ ಏಳು ಗಂಟೆಯಾದಾಗ ಗ್ದಾನ್ಸ್ಕ್‌ನ ಡೇರೆಯಲ್ಲಿ ಮಗು ಗಾಢ ನಿದ್ರೆಯಲ್ಲಿರುತ್ತದೆ. ಫೋನು ಬರಲಿಲ್ಲವೆಂದು ಗಾಬರಿಯಾಗುವ ಮುನ್ನ ಪಾಲಕರು ಇದನ್ನು ನೆನೆಯಬೇಕು. ಹೊರಡುವ ಹಿಂದಿನ ರಾತ್ರಿ ಅವರು ಮಾಡಬೇಕಾದ ಕೆಲಸ ಒಂದೇ: ಕೈಕಟ್ಟಿ ಕುಳಿತು, ಮಗು ತನ್ನ ಬ್ಯಾಗನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದನ್ನು ನೋಡುವುದು.