ಮಣಿಯುವ ಗಳಿಗೆ

ಕಾರಿನ ಎರಡು ಬಾಗಿಲುಗಳ ನಡುವೆ ನಿಲ್ಲುವ ಕಂಬವನ್ನು 7075 ಅಲ್ಯೂಮಿನಿಯಂ ಹಾಳೆಯಿಂದ ಒತ್ತಿ ತೆಗೆಯುವುದು ನನಗೆ ಬಲು ಇಷ್ಟದ ಕೆಲಸ. ಸತು, ಮೆಗ್ನೀಸಿಯಂ, ತಾಮ್ರ ಬೆರೆತ ಈ ಹಾಳೆ ಉಕ್ಕಿನ ಮೂರನೇ ಒಂದರಷ್ಟು ತೂಕದ್ದು. ಬಲದಲ್ಲಿ ಎಷ್ಟೋ ಬಗೆಯ ಉಕ್ಕಿಗೆ ಸರಿಸಾಟಿ. ಆದರೆ ತಣ್ಣಗಿರುವಾಗ ಬಗ್ಗಿಸಲು ಹೋದರೆ ತಿರುವಿನಲ್ಲಿ ಸೀಳುತ್ತದೆ. ಸೀಳದಿದ್ದರೂ, ಪ್ರೆಸ್ ಮೇಲೆದ್ದ ಕೂಡಲೇ ಹಿಂದಕ್ಕೆ ಪುಟಿಯುತ್ತದೆ.

ಇದನ್ನು ಮಣಿಸುವುದು ಕಾವು. ಸುಮಾರು 475 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸತು, ಮೆಗ್ನೀಸಿಯಂಗಳು ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ಅಲ್ಯೂಮಿನಿಯಂನೊಳಗೆ ಕರಗುತ್ತವೆ. ಕಾದ ಕಬ್ಬಿಣ ಕೆಂಪಗಾಗಿ ಹೇಳಿಬಿಡುತ್ತದೆ. ಇದು ಬೆಳ್ಳಗೇ ಇರುತ್ತದೆ. ಕಣ್ಣನ್ನು ಬಿಟ್ಟು ಕಾವು ಅಳೆಯುವ ಥರ್ಮೋಕಪಲ್ಲನ್ನೇ ನಂಬಬೇಕು. ಕುಲುಮೆಯಿಂದ ಎತ್ತಿ ತಣ್ಣನೆಯ ಡೈ (ಅಚ್ಚು) ಮೇಲಿಟ್ಟು ಒತ್ತಲು ಸಿಗುವುದು ಕೆಲವೇ ಸೆಕೆಂಡು. ಒತ್ತಿದ ಮೇಲೂ ಡೈ ತೆರೆಯುವ ಹಾಗಿಲ್ಲ. ಡೈಯೇ ಕಾವನ್ನೆಲ್ಲ ಬೇಗಬೇಗ ಹೀರಿ, ಕರಗಿದ ಸತು ಅಲ್ಲಲ್ಲಿ ಒರಟಾಗಿ ಗಂಟುಕಟ್ಟದಂತೆ ತಡೆಯಬೇಕು.

ಡೈ ತೆರೆದಾಗ ನಾನು ಮೊದಲು ನೋಡುವುದು ತಿರುವಿನ ಮೈಯನ್ನು. ಕೈಗವಸು ಕಳಚಿ ಬೆರಳಾಡಿಸುತ್ತೇನೆ. ಉದ್ದನೆಯ ಗೀರು ತಾಗಿದರೆ ಅಲ್ಯೂಮಿನಿಯಂ ಚೂರು ಡೈಗೆ ಅಂಟಿಕೊಂಡಿದೆ ಎಂದೇ ಲೆಕ್ಕ. ಆ ಜಾಗವನ್ನು ಕಲ್ಲಿನಿಂದ ಉಜ್ಜಿ, ಪಾಲಿಶ್ ಮಾಡಿ, ಮತ್ತೆ ಎಣ್ಣೆ ಸವರಬೇಕು. ಗೀರಿಲ್ಲದ ತುಂಡು ಆಕಾರ ಅಳೆಯುವ ಗೇಜಿನ ಮೇಲೆ ಎಲ್ಲೂ ಅಲುಗದೆ ಕುಳಿತರೆ ಆಗುವ ಖುಷಿ ದಿನವಿಡೀ ಉಳಿಯುತ್ತದೆ.

ಅಷ್ಟು ಹೊತ್ತಿಗೂ ಅದಿನ್ನೂ ಮೆದುವೇ. ಬಲ ಬರುವುದು ಆಮೇಲೆ, 120 ಡಿಗ್ರಿಯ ಒಲೆಯಲ್ಲಿ 24 ಗಂಟೆ ಇಟ್ಟಾಗ. ಒಳಗೆ ಕರಗಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿ, ಲೋಹದ ಪದರಗಳು ಜಾರದಂತೆ ಹಿಡಿಯುತ್ತದೆ. ತಣಿಸಿಟ್ಟ ಅಲ್ಯೂಮಿನಿಯಂ ಮಿಶ್ರಲೋಹ ಒಲೆಯಿಲ್ಲದೆಯೂ ತಾನೇ ತಾನಾಗಿ ಗಟ್ಟಿಯಾಗುವುದನ್ನು 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಮೊದಲು ಕಂಡ. ಹೀಗೆ ಗಟ್ಟಿಯಾಗದಿರಲೆಂದೇ ವಿಮಾನ ಕಟ್ಟುವವರು ಕೆಲವು ಬಗೆಯ ರಿವೆಟ್ಟುಗಳನ್ನು ಬಡಿಯುವ ಗಳಿಗೆಯ ತನಕ ಮಂಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಎಲ್ಲ ಭಾಗಕ್ಕೂ 7075 ಬೇಕಿಲ್ಲ. ಬಾನೆಟ್ಟಿಗೆ 6016 ಅಲ್ಯೂಮಿನಿಯಂ ಸಾಕು; ಅದು ತಣ್ಣಗೇ ಮಣಿಯುತ್ತದೆ, ಬಣ್ಣ ಒಣಗಿಸುವ ಒಲೆಯ ಕಾವಿನಲ್ಲೇ ಬಲಿಯುತ್ತದೆ. ಪೆಟ್ಟು ತಾಳಬೇಕಾದ ಕಂಬಕ್ಕೆ ಮಾತ್ರ ಈ ಪಾಡೆಲ್ಲ ಪಡಬೇಕು, ಪಟ್ಟದ್ದಕ್ಕೆ ಮೋಸವಿಲ್ಲ. ಲೋಹಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ: ಅವಕಾಶ ಸಿಕ್ಕರೆ ಒಂದೇ ತುಂಡನ್ನು ಒಲೆಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಹಾರ್ಡ್‌ನೆಸ್ ಟೆಸ್ಟರಿನಲ್ಲಿಟ್ಟು ನೀವೇ ಅಳೆದು ನೋಡಿ.