ನಕಾಶೆಗಿಂತ ಮೊದಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಈ ಎರಡು ಕಾರ್ಯಗಳಲ್ಲಿ ಕೈಯೊಳಗಿನ ಹಣ ಹೇಗೆ ಕರಗುವದೆಂಬದನ್ನು ಹಿರಿಯರು ಕಂಡುಂಡು ಹೇಳಿದ ಮಾತದು. ಆದರೆ ಕಟ್ಟುವದಕ್ಕಿಂತ ಮೊದಲು ಮನೆಯನ್ನು ಮನಸ್ಸಿನಲ್ಲಿ ಒಮ್ಮೆ ಕಟ್ಟಿ ನೋಡಬೇಕು, ಸರಿಯಾಗದಿದ್ದರೆ ಅಲ್ಲಿಯೇ ಕೆಡವಿ ಮತ್ತೊಮ್ಮೆ ಕಟ್ಟಬೇಕು. ಈ ಕೆಲಸಕ್ಕೆ ಕಾಗದ ಮತ್ತು ಸೀಸಕಡ್ಡಿಯ ಹೊರತು ಬೇರೆ ಖರ್ಚಿಲ್ಲ ಎಂಬದನ್ನು ಗಾದೆ ಹೇಳಲಿಲ್ಲ. ವಾಸ್ತುಶಿಲ್ಪದ ಶಿಕ್ಷಣವೆಂದರೆ ಬಹುಮಟ್ಟಿಗೆ ಈ ಹೇಳದೆ ಉಳಿದ ಮಾತಿನ ಶಿಕ್ಷಣವೇ ಸರಿ. ಬಾಗಿಲು ಯಾವ ದಿಕ್ಕಿಗಿದ್ದರೆ ಭಾಗ್ಯ ಬರುವದೆಂಬ ಲೆಕ್ಕಾಚಾರಕ್ಕೂ ಇದಕ್ಕೂ ಸಂಬಂಧವಿಲ್ಲ.

ನಾನು ಸೊಲ್ಲಾಪುರ-ಅಕ್ಕಲಕೋಟಗಳ ನಡುವಿನ ಈ ಚಪಳಗಾಂವದ ಸೀಮೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುವವನು, ವಾಸ್ತುಶಿಲ್ಪಿಯಲ್ಲ. ಆದರೆ ‘ಗುರುಗಳೇ, ಮನೆಯ ನಕಾಶೆ ತೆಗೆಯುವ ವಿದ್ಯೆ ಕಲಿಯಬೇಕಾದರೆ ಏನು ಮಾಡಬೇಕು?’ ಎಂದು ಕೇಳುವ ಹುಡುಗರು ಹುಡುಗಿಯರು ವರುಷಕ್ಕೆ ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗೆ ನಾನು ಮೊದಲು ಹೇಳುವದು, ‘ನಿಮ್ಮ ಮನೆಯ ಚಿತ್ರ ತೆಗೆದು ತನ್ನಿರಿ’ ಎಂದು. ಬರುವ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಎರಡು ಕಡೆಗೆ ಇಳಿಜಾರಾದ ಕೆಂಪು ಹಂಚಿನ ಮಾಡು, ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ. ಮಳೆ ಕಡಿಮೆಯಾದ ನಮ್ಮ ಬಯಲುಸೀಮೆಯಲ್ಲಿ ಅಂಥ ಹಂಚಿನ ಮನೆ ವಿರಳ. ನಮ್ಮವು ಚಪ್ಪಟೆ ಮಾಳಿಗೆಯ ಮನೆಗಳು, ತಗಡಿನ ಮನೆಗಳು, ಈಚಿನ ಸಿಮೆಂಟಿನ ಮನೆಗಳು. ಮಗು ತಾನು ಮಲಗಿ ಏಳುವ ಮನೆಯನ್ನು ಬಿಟ್ಟು, ಪುಸ್ತಕದಲ್ಲಿ ಕಂಡ ಮನೆಯನ್ನು ಬರೆದಿರುತ್ತದೆ. ಇದು ಮಗುವಿನ ದೋಷವಲ್ಲ. ನೋಡುವ ಅಭ್ಯಾಸವನ್ನು ಯಾರೂ ಅದಕ್ಕೆ ಮಾಡಿಸಿಲ್ಲ, ಅಷ್ಟೆ. ವಿನ್ಯಾಸದ ಮೊದಲನೆಯ ಮೆಟ್ಟಿಲು ಈ ನೋಡುವ ಅಭ್ಯಾಸ.

ಹಳೆಯ ಮಾಳಿಗೆಯ ಮನೆಯೊಂದನ್ನೇ ಪಾಠವೆಂದು ತೆಗೆದುಕೊಳ್ಳೋಣ. ತಲೆಬಾಗಿಲು ದಾಟಿದರೆ ಮೊದಲು ದನಗಳ ತಾವು ಮತ್ತು ಗೋದಲಿ. ಅದಕ್ಕಿಂತ ಮೊಳದಷ್ಟು ಎತ್ತರದಲ್ಲಿ ಮನುಷ್ಯರ ಪಡಸಾಲೆ. ಅದರಾಚೆ ಅಡಿಗೆಮನೆ, ದೇವರ ಜಗುಲಿ, ಕಾಳುಕಡಿಯ ಕೋಣೆ. ಕಿಟಕಿಗಳು ಬಹಳ ಕಡಿಮೆ. ಮಾಳಿಗೆಯಲ್ಲಿ ಬೆಳಕಿಂಡಿ, ಬೆಳಕು ಬರುವದೂ ಹೊಗೆ ಹೋಗುವದೂ ಅದೊಂದೇ ದಾರಿಯಿಂದ. ವಿದ್ಯಾರ್ಥಿಯೊಬ್ಬ ಮನೆಯಲ್ಲಿ, ‘ಆಯೀ, ನಮ್ಮ ಮನಿಗಿ ಕಿಡಕಿ ಯಾಕಿಲ್ಲ?’ ಎಂದು ಕೇಳಿದನಂತೆ. ‘ಕಿಡಕಿ ಇದ್ರ ಬಿಸಲೂ ಒಳಗ ಬರತದ, ಕಳ್ಳನೂ ಬರತಾನ, ಇಬ್ಬರೂ ಬ್ಯಾಡಂತ ಬಿಟ್ಟಾರ’ ಎಂದು ಮುದುಕಿ ಹೇಳಿದಳಂತೆ. ವಿನ್ಯಾಸದ ಬಗ್ಗೆ ನಾನು ಕೇಳಿದ ಉತ್ತಮ ವ್ಯಾಖ್ಯಾನಗಳಲ್ಲಿ ಇದೊಂದು. ಇಲ್ಲದ ಕಿಟಕಿಯೂ ಒಂದು ಪ್ರಶ್ನೆಗೆ ಕೊಟ್ಟ ಉತ್ತರವಾಗಿದೆ. ದನಗಳು ಬಾಗಿಲ ಹತ್ತಿರ ಏಕೆ? ರಾತ್ರಿ ಅವು ಕಣ್ಣಳತೆಯಲ್ಲಿರಬೇಕು. ಪಡಸಾಲೆಗೆ ಮೊಳದೆತ್ತರ ಏಕೆ? ದನಗಳ ಗಂಜಳ ಮೇಲಕ್ಕೆ ಹರಿಯಬಾರದು. ಗೋಡೆಗೆ ಎರಡು ಮೂರು ಅಡಿ ದಪ್ಪ ಏಕೆ? ಮಧ್ಯಾಹ್ನದ ಕಾವು ಒಳಮೈಗೆ ತಲುಪುವದರೊಳಗೆ ರಾತ್ರಿಯಾಗಬೇಕು. ಬೇಸಿಗೆಯ ಆ ಹೊತ್ತಿಗೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ.

ಕಂಡದ್ದನ್ನು ಅಳೆಯುವದು ಎರಡನೆಯ ಮೆಟ್ಟಿಲು. ನಮ್ಮಲ್ಲಿ ಕಲಿತು ವಾಸ್ತುಶಿಲ್ಪದ ಕಾಲೇಜು ಸೇರಿದ ಹುಡುಗಿಯೊಬ್ಬಳು ತನ್ನ ಮೊದಲ ವರುಷದ ಕೆಲಸಗಳನ್ನು ನನಗೆ ತೋರಿಸಿದಳು. ಅವುಗಳಲ್ಲಿ ಮೊದಲನೆಯದು ಅರಮನೆಯಲ್ಲ, ಗುಡಿಯಲ್ಲ. ತಾನು ವಾಸವಾಗಿದ್ದ ಕೋಣೆಯನ್ನು ಟೇಪು ಹಿಡಿದು ಅಳೆದ ನಕಾಶೆ. ಒಂದು ಮೀಟರಿಗೆ ಎರಡು ಸೆಂಟಿಮೀಟರಿನಂತೆ ಚೌಕಳಿ ಕಾಗದದ ಮೇಲೆ ಗೋಡೆಯ ದಪ್ಪ, ಬಾಗಿಲಿನ ಅಗಲ, ಕಪಾಟಿನ ಆಳ ಎಲ್ಲವನ್ನೂ ಇಳಿಸಬೇಕು. ಅಷ್ಟಕ್ಕೆ ಮುಗಿಯುವದಿಲ್ಲ. ಉಳ್ಳಾಗಡ್ಡಿಯನ್ನು ಮೇಲಿನಿಂದ ಕೆಳಕ್ಕೆ ಕೊಯ್ದರೆ ಒಳಪದರುಗಳು ಕಾಣುವಂತೆ, ಮನೆಯನ್ನು ಕೊಯ್ದು ನೋಡಿದಂತೆ ಬರೆಯುವ ಸೀಳುನಕಾಶೆಯೂ ಬೇಕು. ಮಾಳಿಗೆ ಎಷ್ಟು ದಪ್ಪ, ಅದರ ಭಾರ ಯಾವುದರ ಮೇಲೆ ಕುಳಿತಿದೆ, ಬೆಳಕು ಎಲ್ಲಿಯವರೆಗೆ ಇಳಿಯುತ್ತದೆ ಎಂಬದು ಈ ನಕಾಶೆಯಿಂದಲೇ ತಿಳಿಯತಕ್ಕದ್ದು.

ಅಳತೆಯ ವಿಷಯದಲ್ಲಿ ನಮ್ಮ ಹಿರಿಯರು ನಮಗೊಂದು ಒಳ್ಳೆಯ ಶಬ್ದವನ್ನು ಬಿಟ್ಟುಹೋಗಿದ್ದಾರೆ: ಅಂಕಣ. ನೆರೆಯ ಮರಾಠಿಯವರು ಇದನ್ನೇ ಖಣ ಎನ್ನುತ್ತಾರೆ. ಎರಡು ತೊಲೆಗಳ ನಡುವಿನ ತಾವು ಒಂದು ಅಂಕಣ. ಸಿಗುವ ಮರ ಎಷ್ಟು ಉದ್ದವೋ, ಅದು ಬಾಗದೆ ಎಷ್ಟು ಭಾರ ಹೊತ್ತೀತೋ ಅಷ್ಟೇ ಅಂಕಣದ ಅಳತೆ. ಆದುದರಿಂದ ‘ಎಂಟಂಕಣದ ಮನೆ’ ಎಂದೊಡನೆ ಗವಂಡಿಗೂ ಬಡಿಗನಿಗೂ ಯಜಮಾನನಿಗೂ ಒಂದೇ ಚಿತ್ರ ಕಣ್ಣಮುಂದೆ ಬರುತ್ತಿತ್ತು. ಕಾಗದವಿಲ್ಲದ ನಕಾಶೆ ಅದು.

ಮೂರನೆಯದು ಬಿಸಿಲನ್ನು ಓದುವದು. ಚಪಳಗಾಂವ ಸುಮಾರು ಹದಿನೇಳೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಶಾಲೆಯ ಅಂಗಳದಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಕಾಯಿರಿ. ನಮ್ಮಲ್ಲಿ ಅದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಡಿಸೆಂಬರ 22ರ ಹೊತ್ತಿಗೆ ನೆರಳು ಬಡಗಣಕ್ಕೆ ಸುಮಾರು 87 ಸೆಂಟಿಮೀಟರು ಇರುತ್ತದೆ. ಮೇ ತಿಂಗಳಿನ ಎರಡನೆಯ ವಾರದಲ್ಲಿ ನೆರಳೇ ಇರುವದಿಲ್ಲ. ಸೂರ್ಯ ನೆತ್ತಿಯ ಮೇಲೆಯೇ ನಿಂತಿರುತ್ತಾನೆ. ಜೂನ 21ಕ್ಕೆ ನೆರಳು ತೆಂಕಣಕ್ಕೆ ತಿರುಗಿ ಸುಮಾರು 10 ಸೆಂಟಿಮೀಟರಾಗುತ್ತದೆ. ಇಷ್ಟು ಲೆಕ್ಕದಿಂದ ಎಷ್ಟೊಂದು ಸಂಗತಿಗಳು ಹೊರಡುತ್ತವೆ ನೋಡಿರಿ! ತೆಂಕಣ ಕಿಟಕಿಗೆ ಸಣ್ಣದೊಂದು ಛಜ್ಜೆಯಿದ್ದರೂ ಮಾಗಿಯ ಬಿಸಿಲು ಒಳಗೆ ಬರುವದು, ಮೇ ತಿಂಗಳ ನಡುಹಗಲಿನ ಬಿಸಿಲು ಬಾರದು. ಪಡುವಣ ಗೋಡೆಗೆ ಛಜ್ಜೆ ಸಾಲದು; ಸಂಜೆಯ ಸೂರ್ಯ ತಗ್ಗಿನಲ್ಲಿ ಬಂದು ನೇರವಾಗಿ ಮುಟ್ಟುತ್ತಾನೆ, ಅಲ್ಲಿ ಗಿಡವಾದರೂ ಬೇಕು, ಸಾಮಾನಿನ ಕೋಣೆಯಾದರೂ ಬೇಕು. ಉಷ್ಣತೆ 40 ಡಿಗ್ರಿ ದಾಟುವ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಂಕಿ ಉಣ್ಣುವದು ಮಾಳಿಗೆ. ಹಿರಿಯರು ಅದರ ಮೇಲೆ ಅಷ್ಟು ಮಣ್ಣು ಹೇರಿದ್ದು ಇದಕ್ಕೇ. ಇಂದಿನ ಸಿಮೆಂಟಿನ ಸ್ಲ್ಯಾಬು ಸಾಮಾನ್ಯವಾಗಿ 10-12 ಸೆಂಟಿಮೀಟರು ದಪ್ಪ. ಹಗಲು ಕುಡಿದ ಕಾವನ್ನು ಅದು ರಾತ್ರಿ ಮಲಗಿದವರ ಮೇಲೆ ಸುರಿಯುತ್ತದೆ.

ಇಷ್ಟು ಓದಿದವರು ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಎಂದುಕೊಂಡಾರು. ಹಾಗೆಂದುಕೊಳ್ಳದಂತೆ ನಮ್ಮ ನೆರೆಯಲ್ಲಿಯೇ ನಡೆದ ಒಂದು ದುರಂತ ನಮ್ಮನ್ನು ಎಚ್ಚರಿಸುತ್ತದೆ. 1993ರ ಸಪ್ಟಂಬರ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯ ಪರಿಸರದಲ್ಲಿ ಭೂಮಿ ನಡುಗಿತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 8,000 ಜನ ಮಡಿದರು. ಅವರಲ್ಲಿ ಬಹು ಜನರನ್ನು ಕೊಂದದ್ದು ಭೂಮಿಯಲ್ಲ, ಮನೆ. ಬೇಸಿಗೆಯಲ್ಲಿ ತಂಪು ಕೊಟ್ಟ ಅದೇ ದಪ್ಪ ಗೋಡೆ, ಅದೇ ಮಣ್ಣಿನ ಮಾಳಿಗೆ.

ಇದರ ಲೆಕ್ಕವನ್ನು ನಾನು ಹತ್ತನೆಯ ಇಯತ್ತೆಯ ಮಕ್ಕಳಿಂದ ಮಾಡಿಸುತ್ತೇನೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ; ಮೇಲೆ ಅರ್ಧ ಮೀಟರು ದಪ್ಪ ಮಣ್ಣು; ಒಂದು ಘನಮೀಟರು ಮಣ್ಣಿಗೆ 1,600 ಕಿಲೋ ಎಂದು ಹಿಡಿದರೆ ಮಲಗಿದವರ ತಲೆಯ ಮೇಲೆ ಏಳು ಟನ್ನಿಗೂ ಮಿಕ್ಕಿದ ಭಾರ. ಸೋರಿದಾಗಲೆಲ್ಲ ಮತ್ತಷ್ಟು ಮಣ್ಣು ಹಾಕುತ್ತ ಬಂದದ್ದರಿಂದ ಅಲ್ಲಿ ಎಷ್ಟೋ ಮಾಳಿಗೆಗಳು ಅದಕ್ಕಿಂತಲೂ ದಪ್ಪವಾಗಿದ್ದವು. ಇನ್ನು ಗೋಡೆಯೋ, ಹೊರಗೊಂದು ಒಳಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚಿಪ್ಪುಗಲ್ಲು. ಎರಡು ಸಾಲನ್ನೂ ಹಿಡಿದು ಕಟ್ಟುವ ಉದ್ದಗಲ್ಲು ಇಲ್ಲ. ನಡುಕಕ್ಕೆ ಎರಡು ಸಾಲುಗಳೂ ಬೇರೆಯಾಗಿ ಕುಸಿದವು. ಮಾಳಿಗೆಯ ಭಾರವನ್ನು ಮರದ ಕಂಬ-ತೊಲೆಗಳೇ ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಅಂಕಣ ನಿಂತಿತು. ಗೋಡೆಯ ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದಂತೆ ಒಂದೊಂದು ಉದ್ದಗಲ್ಲು ಇಡಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಒಂದು ಕಲ್ಲನ್ನು ಅಡ್ಡ ಇಡುವದೋ ಉದ್ದ ಇಡುವದೋ ಎಂಬ ನಿರ್ಧಾರದಲ್ಲಿ ಒಂದು ಕುಟುಂಬದ ಪ್ರಾಣ ಅಡಗಿರಬಹುದು. ಹುಡುಗರು ಈ ಲೆಕ್ಕ ಮುಗಿಸಿದ ಮೇಲೆ ತರಗತಿಯಲ್ಲಿ ಕೆಲ ಹೊತ್ತು ಯಾರೂ ಮಾತಾಡುವದಿಲ್ಲ.

ಆದುದರಿಂದ ಹಿಂದಿನದನ್ನು ಕಣ್ಣು ಮುಚ್ಚಿ ಅನುಸರಿಸುವದೂ ವಿನ್ಯಾಸವಲ್ಲ, ಕಣ್ಣು ಮುಚ್ಚಿ ಬಿಡುವದೂ ವಿನ್ಯಾಸವಲ್ಲ. ಬೇಡಿಕೆಗಳು ಒಂದಕ್ಕೊಂದು ವಿರೋಧವಾಗಿರುತ್ತವೆ. ತಂಪಿಗೆ ದಪ್ಪ ಬೇಕು, ಕ್ಷೇಮಕ್ಕೆ ಹಗುರು ಬೇಕು. ಗಾಳಿಗೆ ಕಿಟಕಿ ಬೇಕು, ಗೋಡೆಯ ಬಲಕ್ಕೆ ಕಿಟಕಿ ಕಡಿಮೆ ಬೇಕು. ಎಲ್ಲಕ್ಕೂ ಹಣ ಬೇಕು, ಹಣವೇ ಇಲ್ಲ. ಇವುಗಳ ನಡುವೆ ಒಂದು ಒಪ್ಪಂದವನ್ನು ಹುಡುಕುವದೇ ವಿನ್ಯಾಸ. ಅದು ಒಂದೇ ಪೆಟ್ಟಿಗೆ ಸಿಗತಕ್ಕದ್ದಲ್ಲ. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆಂದು ಪಟ್ಟಿ ಮಾಡಿ, ಒಂದೊಂದು ಕೆಲಸಕ್ಕೆ ಒಂದೊಂದು ವರ್ತುಲ ಬರೆದು, ಹತ್ತಿರ ಬೇಕಾದವುಗಳನ್ನು ಹತ್ತಿರವಿಟ್ಟು, ಮೂರು ನಾಲ್ಕು ಬಗೆಯ ಕಚ್ಚಾ ನಕಾಶೆ ತೆಗೆಯಬೇಕು. ರಟ್ಟಿನಿಂದಲೋ ಜೇಡಿಮಣ್ಣಿನಿಂದಲೋ ಮಾದರಿ ಮಾಡಿ ಬಿಸಿಲಿನಲ್ಲಿಟ್ಟು ನೋಡಬೇಕು. ಅನಂತರ ಹರಿದುಹಾಕಿ ಮತ್ತೆ ತೊಡಗಬೇಕು. ಐಹೊಳೆಗೆ ಪ್ರವಾಸ ಹೋದಾಗ ಲಾಡಖಾನ ಗುಡಿಯ ಮಾಳಿಗೆಯನ್ನು ನೋಡಿರಿ. ಚಪ್ಪಡಿಗಳ ಸಂದನ್ನು ಮುಚ್ಚುವ ಉದ್ದನೆಯ ಕಲ್ಲಿನ ಪಟ್ಟಿಗಳು ಮರದ ದಿಮ್ಮಿಗಳಂತೆ ಕಾಣುತ್ತವೆ. ಮರದಲ್ಲಿ ಕಲಿತ ಕೈ ಕಲ್ಲಿನಲ್ಲಿ ಯೋಚಿಸಲು ಕಲಿಯುತ್ತಿರುವದು ಅಲ್ಲಿ ಗೋಚರವಾಗುತ್ತದೆ. ಅದೇ ಊರಿನ ದುರ್ಗ ಗುಡಿಯ ಹಿಂಬದಿ ಅರ್ಧಚಂದ್ರದಂತೆ ಬಾಗಿದೆ. ಒಂದೇ ಊರಿನಲ್ಲಿ ಇಷ್ಟು ಬಗೆಯ ಗುಡಿಗಳೇಕೆ ಎಂದರೆ, ಚಾಲುಕ್ಯರ ಶಿಲ್ಪಿಗಳೂ ನಮ್ಮ ಹಾಗೆ ಕಚ್ಚಾ ನಕಾಶೆ ತೆಗೆಯುತ್ತಿದ್ದರು. ಅವರ ಕಾಗದ ಮಾತ್ರ ಕಲ್ಲಾಗಿತ್ತು.

ಕೇಳದೆ ಕಟ್ಟಿದರೆ ಏನಾಗುವದೆಂಬದಕ್ಕೂ ಕಿಲ್ಲಾರಿಯ ಸೀಮೆಯೇ ಸಾಕ್ಷಿ. ಭೂಕಂಪದ ಅನಂತರ 52 ಊರುಗಳನ್ನು ಹೊಸ ನೆಲೆಗೆ ಸಾಗಿಸಲಾಯಿತು. ಮನೆಗಳೇನೋ ಹೆಚ್ಚು ಗಟ್ಟಿಯಾದವು. ಆದರೆ ಬಹಳಷ್ಟು ಕಡೆಗೆ ಚದುರಂಗದ ಹಾಸಿನಂತೆ ಅಗಲವಾದ ಬೀದಿಗಳು, ಸಾಲಾಗಿ ಒಂದೇ ತರದ ಮನೆಗಳು. ದನ ಎಲ್ಲಿ ಕಟ್ಟುವದು, ಮೇವು ಎಲ್ಲಿ ಒಟ್ಟುವದು, ಹೆಣ್ಣುಮಕ್ಕಳು ಮರೆಯಲ್ಲಿ ಕೂಡುವದೆಲ್ಲಿ ಎಂಬ ಪ್ರಶ್ನೆಗಳನ್ನು ಜನ ಆಮೇಲೆ ತಾವೇ ಗೋಡೆ, ಚಪ್ಪರ ಹಾಕಿಕೊಂಡು ಬಿಡಿಸಿಕೊಳ್ಳಬೇಕಾಯಿತು. ಪುಣೆಯಲ್ಲಿ ಹುಟ್ಟಿದ ಬಾಲಕೃಷ್ಣ ದೋಶಿಯವರು (1927-2023) ಇಂದೂರಿನ ಅರಣ್ಯ ವಸತಿಯಲ್ಲಿ ಬೇರೊಂದು ಮಾರ್ಗ ಹಿಡಿದರು. ಬಡವರಿಗೆ ಪೂರ್ತಿ ಮನೆಯ ಬದಲು ನಿವೇಶನ, ತಳಪಾಯ, ನೀರು ಮತ್ತು ಶೌಚದ ವ್ಯವಸ್ಥೆ ಕೊಟ್ಟು, ಉಳಿದುದನ್ನು ಅವರವರೇ ಅನುಕೂಲ ನೋಡಿ ಬೆಳೆಸಿಕೊಳ್ಳಲು ಬಿಟ್ಟರು. ನಮ್ಮ ಸೊಲ್ಲಾಪುರದ ಹತ್ತಿರ ಕುಂಭಾರಿಯಲ್ಲಿ ಬೀಡಿ, ನೇಯ್ಗೆ ಮುಂತಾದ ಕೆಲಸಗಾರರಿಗಾಗಿ 30,000 ಮನೆಗಳ ಯೋಜನೆಯಾಗಿ, 2024ರ ಜನವರಿ 19ರಂದು ಮೊದಲ 15,000 ಮನೆಗಳು ಅವರ ಕೈಸೇರಿದವು. ಸ್ವಂತ ಸೂರು ಕಂಡ ಆ ತಾಯಂದಿರ ಸಂತೋಷ ದೊಡ್ಡದು. ಕಲಿಯುವವರು ಇಲ್ಲಿ ಗಮನಿಸಬೇಕಾದದ್ದು ಬೇರೆ: ಒಂದು ಕಿಟಕಿಯ ತಾವನ್ನು ಗೊತ್ತು ಮಾಡಿದ ಗೆರೆ 30,000 ಸಲ ಕಟ್ಟಡವಾಗುತ್ತದೆ. ಬೀಡಿ ಕಟ್ಟುವವಳಿಗೆ ಮನೆಯೇ ಕಾರಖಾನೆ. ಅವಳ ಮೊರದ ಮೇಲೆ ಬೆಳಕು ಬೀಳಬೇಕು. ಅಂಥ ಗೆರೆ ಎಳೆಯುವ ಕೈ ಮೊದಲು ಅವಳ ಪಕ್ಕದಲ್ಲಿ ಒಂದು ದಿನ ಕುಳಿತಿರಬೇಕು.

ಇನ್ನು ನಮ್ಮ ಮಕ್ಕಳ ಅಂಜಿಕೆಯ ವಿಷಯ. ಈ ವಿದ್ಯೆ ಐದು ವರುಷದ್ದು. 12ನೆಯ ಇಯತ್ತೆಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು, ‘ನಾಟಾ’ದಂಥ ಪ್ರವೇಶ ಪರೀಕ್ಷೆ ಕೊಡಬೇಕು, ಕಲಿತ ಮೇಲೆ 1972ರ ಕಾಯಿದೆಯಂತೆ ಹೆಸರು ನೋಂದಿಸಿಕೊಂಡರೆ ಮಾತ್ರ ವಾಸ್ತುಶಿಲ್ಪಿ ಎನಿಸಿಕೊಳ್ಳಬಹುದು. ‘ಅಲ್ಲೆಲ್ಲ ಇಂಗ್ಲೀಷು, ಕನ್ನಡ ಶಾಲೆಯ ನಮ್ಮಂಥವರಿಗೆ ನೀಗೀತೇ?’ ಎಂದು ಕೇಳುತ್ತಾರೆ. ಇಂಗ್ಲೀಷು ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಂತಿ, ತೊಲೆ, ಬೋದಿಗೆ, ಅಂಕಣ, ಪಡಸಾಲೆ, ಬೆಳಕಿಂಡಿ ಇವೆಲ್ಲ ಪಟ್ಟಣದ ವಿದ್ಯಾರ್ಥಿ ಪುಸ್ತಕದಲ್ಲಿ ಓದಿ ತಿಳಿಯಬೇಕಾದ ವಸ್ತುಗಳು. ನಮ್ಮ ಮಕ್ಕಳು ಅವುಗಳ ನೆರಳಿನಲ್ಲಿ ಬೆಳೆದವರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನ ನಾಡಿನವರಿಗೆ, ಕಟ್ಟುವ ವಿದ್ಯೆ ಪರರದೆಂಬ ಸಂಕೋಚವೇಕೆ?

ಈ ಸಲದ ದೀಪಾವಳಿಯ ಸೂಟಿಗೆ ಒಂದು ಕೆಲಸವನ್ನು ಸೂಚಿಸುವೆ. ಶಿಕ್ಷಕರು ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಒಂದೊಂದು ಹಳೆಯ ಮನೆ ಹಂಚಿಕೊಡಲಿ. ಒಬ್ಬರು ಟೇಪು ಹಿಡಿಯಲಿ, ಒಬ್ಬರು ಬರೆದುಕೊಳ್ಳಲಿ. ಮನೆಯ ಹಿರಿಯರನ್ನು ಪ್ರತಿಯೊಂದು ಗೋಡೆಗೂ ‘ಇದು ಹೀಗೇಕೆ?’ ಎಂದು ಕೇಳಲಿ; ಅವರ ಉತ್ತರವನ್ನು ಅವರ ಮಾತಿನಲ್ಲಿಯೇ ನಕಾಶೆಯ ಬದಿಗೆ ಬರೆಯಲಿ. ಮಳೆಗಾಲ ಬಂದಾಗಲೆಲ್ಲ ಇಂಥ ಒಂದೆರಡು ಮನೆಗಳು ನೆಲಕ್ಕೆ ಒರಗುತ್ತಲಿವೆ. ಅವುಗಳ ಅಳತೆ ಯಾವ ಕಚೇರಿಯಲ್ಲಿಯೂ ಇಲ್ಲ. ಇದ್ದದ್ದು ಕಟ್ಟಿದವರ ತಲೆಯಲ್ಲಿ, ಈಗ ಉಳಿದಿರುವದು ಕೆಲವು ಮುದುಕ ಮುದುಕಿಯರ ನೆನಪಿನಲ್ಲಿ. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಚೌಕಳಿ ಕಾಗದದ ಮೇಲೆ ತೆಗೆದ ಸೊಟ್ಟ ಗೆರೆಯ ನಕಾಶೆ ಮುಂದೊಂದು ದಿನ ಆ ಮನೆಯ ಏಕೈಕ ಗುರುತಾಗಿ ಉಳಿದೀತು.